ಕಾಲಿನ ವೇನ್ಸ್ ತಪಾಸಣೆ: ಯಾವ ಪರೀಕ್ಷೆ ಯಾರಿಗೆ, ಯಾವುದಕ್ಕೆ ದುಡ್ಡು ಕೊಡಬೇಕು

ಭಾನುವಾರ ಬೆಳಿಗ್ಗೆ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ವಾಕಿಂಗ್ ಮುಗಿಸಿ ಬರುವಾಗ ಪಾರ್ಕಿನ ಗೇಟಿನ ಹತ್ತಿರ ಶಾಮಿಯಾನ ಹಾಕಿರುತ್ತಾರೆ. ಬಿಪಿ, ಶುಗರ್ ನೋಡುವ ಮೇಜಿನ ಪಕ್ಕದಲ್ಲೇ ಈಗ ‘ಕಾಲಿನ ರಕ್ತನಾಳ ತಪಾಸಣೆ ಉಚಿತ’ ಅಂತ ಇನ್ನೊಂದು ಮೇಜು. ಒಬ್ಬರು ಕಾಲಿಗೆ ಸೆನ್ಸರ್ ಅಂಟಿಸಿ ‘ಪಾದ ಮೇಲೆ ಕೆಳಗೆ ಆಡಿಸಿ’ ಅನ್ನುತ್ತಾರೆ. ಇನ್ನೊಬ್ಬರು ಪೆನ್ನಿನಂಥ ಯಂತ್ರ ಇಟ್ಟು ಬುಸ್ ಎನ್ನುವ ಸದ್ದು ಕೇಳಿಸುತ್ತಾರೆ. ಮತ್ತೊಬ್ಬರು ಚರ್ಮದ ಮೇಲೆ ಬೆಳಕು ಬಿಟ್ಟು ಒಳಗಿನ ನಾಳಗಳ ಗೆರೆ ತೋರಿಸುತ್ತಾರೆ. ಕೊನೆಗೆ ಕೈಗೊಂದು ಚೀಟಿ: ‘ಗ್ರೇಡ್ 2, ಡಾಕ್ಟರನ್ನು ಕಾಣಿ.’

ಇವು ಯಾವುವೂ ಸುಳ್ಳು ಯಂತ್ರಗಳಲ್ಲ. ಸೂಜಿ ಇಲ್ಲ, ನೋವಿಲ್ಲ. ಆದರೆ ಒಂದೊಂದು ಪರೀಕ್ಷೆಯೂ ಒಂದೊಂದು ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತದೆ. ನಮ್ಮ ಪ್ರಶ್ನೆ ಯಾವುದು ಅಂತ ಗೊತ್ತಿಲ್ಲದೆ ಪರೀಕ್ಷೆಗೆ ಕೂತರೆ ಸಿಕ್ಕ ಉತ್ತರದಿಂದ ಉಪಯೋಗವಿಲ್ಲ. ಅನಗತ್ಯ ಹೆದರಿಕೆ ಅಥವಾ ಅನಗತ್ಯ ಧೈರ್ಯ, ಎರಡರಲ್ಲಿ ಒಂದನ್ನು ಮನೆಗೆ ತರುತ್ತೇವೆ.

ಮೊದಲು ಏನು ಕೆಟ್ಟಿದೆ ಅನ್ನೋದು ತಿಳಿದರೆ ಮುಂದಿನದು ಸುಲಭ. ಕಾಲಿನ ರಕ್ತ ವೇನ್ ಅನ್ನುವ ನಾಳಗಳ ಮೂಲಕ ಗುರುತ್ವಕ್ಕೆ ಎದುರಾಗಿ ಹೃದಯದ ಕಡೆ ಹತ್ತಬೇಕು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತದೆ. ವೇನ್‌ಗಳೊಳಗಿನ ವಾಲ್ವ್‌ಗಳು ಅದು ಕೆಳಗೆ ಬೀಳದಂತೆ ತಡೆಯುತ್ತವೆ. ಮನೆಯ ಸಂಪ್‌ನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಪೈಪಿನ ಫುಟ್‌ವಾಲ್ವ್ ಸೋರಿದರೆ ಮೋಟಾರ್ ನಿಲ್ಲಿಸಿದ ಕೂಡಲೇ ನೀರು ಸರ್ರನೆ ಕೆಳಗಿಳಿಯುತ್ತದಲ್ವಾ, ಇಲ್ಲಿ ಆಗುವುದೂ ಅದೇ. ಸುಮ್ನೆ ನಿಂತಾಗ ಪಾದದ ವೇನ್‌ನಲ್ಲಿ ಒತ್ತಡ (ಬಿಪಿಯ ಹಾಗೆ ಪಾದರಸದ ಲೆಕ್ಕದಲ್ಲಿ) ಸುಮಾರು 90 ಮಿ.ಮೀ. ಇರುತ್ತದೆ. ಆರೋಗ್ಯವಂತರು ನಾಲ್ಕು ಹೆಜ್ಜೆ ನಡೆದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ವಾಲ್ವ್ ಕೆಟ್ಟವರಲ್ಲಿ ಅಷ್ಟು ಇಳಿಯುವುದಿಲ್ಲ. ವರ್ಷಗಟ್ಟಲೆ ಹೀಗಾದರೆ ವೇನ್ ಉಬ್ಬುತ್ತದೆ, ಕಾಲು ಊದುತ್ತದೆ, ಚರ್ಮ ಕಪ್ಪಾಗುತ್ತದೆ, ಕೊನೆಗೆ ಹುಣ್ಣು.

ಈ ಒತ್ತಡವನ್ನು ನೇರವಾಗಿ ಅಳೆಯಬೇಕಾದರೆ ಪಾದದ ವೇನ್‌ಗೆ ಸೂಜಿ ಹಾಕಬೇಕು. ಹಿಂದೆ ಹಾಗೇ ಮಾಡುತ್ತಿದ್ದರು. ಈಗಿನ ಸೂಜಿಯಿಲ್ಲದ ಪರೀಕ್ಷೆಗಳೆಲ್ಲ ಅದೇ ವಿಷಯವನ್ನು ಹೊರಗಿನಿಂದ ತಿಳಿಯುವ ದಾರಿಗಳು. ಒಂದು ಮಾತು ಮಾತ್ರ ಕೊನೆಯವರೆಗೂ ನೆನಪಿರಲಿ: ರಕ್ತ ಕೆಳಗೆ ಬೀಳುವುದು ಕಾಲು ಕೆಳಗಿದ್ದಾಗ. ಸೋರುವ ವಾಲ್ವ್ ಹುಡುಕುವ ಪರೀಕ್ಷೆಯನ್ನು ಮಲಗಿಸಿ ಮಾಡಿದರೆ ಅರ್ಧ ಪರೀಕ್ಷೆ ಆದಂತೆ.

ಕಣ್ಣು ಮತ್ತು ಕೈ

ಖರ್ಚಿಲ್ಲದ್ದು, ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು. ಇದನ್ನು ಬಿಟ್ಟು ನೇರ ಯಂತ್ರಕ್ಕೆ ಹೋಗುವ ಕ್ಯಾಂಪ್ ಕಂಡರೆ ನನಗೆ ಸ್ವಲ್ಪ ಅನುಮಾನ.

ಸಂಜೆ ಹೊತ್ತು, ಒಳ್ಳೆಯ ಬೆಳಕಿನಲ್ಲಿ ನಿಂತು ನೋಡಬೇಕು. ಲುಂಗಿಯೋ ಚಡ್ಡಿಯೋ ತೊಡೆಯ ತನಕ ಮೇಲಿರಬೇಕು. ತೊಡೆಸಂದಿನಿಂದ ಒಳಬದಿಯಲ್ಲಿ ಕೆಳಗೆ ಮಂಡಿಯವರೆಗೆ, ಆಮೇಲೆ ಮೀನಖಂಡದ ಹಿಂದೆ. ಹಿಂದೆ ನೋಡಲು ಮನೆಯವರೊಬ್ಬರ ಸಹಾಯ ಬೇಕು. ಅದಾದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಜಾಗ: ಹರಡಿನ ಒಳಬದಿ, ಅಂದರೆ ಪಾದದ ಕೀಲಿನ ಒಳಗಡೆಯ ಮೂಳೆಯ ಸ್ವಲ್ಪ ಮೇಲೆ. ಕಾಯಿಲೆ ಎಷ್ಟು ಹಳೆಯದು ಅಂತ ಹೇಳುವುದು ಇಲ್ಲಿನ ಚರ್ಮ.

ಡಾಕ್ಟರುಗಳು ಬಳಸುವ ಒಂದು ಶ್ರೇಣಿ ಇದೆ, ಸಿಇಎಪಿ ಅಂತ. 1994ರಲ್ಲಿ ಶುರುವಾಯಿತು, 2004ರಲ್ಲೂ 2020ರಲ್ಲೂ ಪರಿಷ್ಕರಿಸಿದರು. ವರದಿಯಲ್ಲಿ ಸಿ2, ಸಿ4 ಅಂತ ಕಂಡರೆ ಅದೇ. ಏನೂ ಕಾಣದಿದ್ದರೆ ಸಿ0. ಜೇಡರ ಬಲೆಯಂತೆ ಹರಡಿದ ಸಣ್ಣ ಗೆರೆಗಳು, 3 ಮಿ.ಮೀ. ಒಳಗಿನ ನಾಳಗಳು ಸಿ1. ನಿಂತಾಗ 3 ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಉಬ್ಬಿದ್ದು ಸಿ2. ಊತ ಬಂದರೆ ಸಿ3. ಚರ್ಮ ಬದಲಾದರೆ ಸಿ4. ಹುಣ್ಣಾಗಿ ವಾಸಿಯಾಗಿದ್ದರೆ ಸಿ5, ಹುಣ್ಣು ಇನ್ನೂ ಇದ್ದರೆ ಸಿ6.

ಸಿ4 ಹತ್ತಿರ ಸ್ವಲ್ಪ ನಿಲ್ಲಬೇಕು. ಪುಸ್ತಕದ ಚಿತ್ರಗಳಲ್ಲಿ ಬಿಳಿ ಚರ್ಮದ ಮೇಲೆ ಕಂದು ಕಲೆ ಎದ್ದು ಕಾಣುತ್ತದೆ. ನಮ್ಮ ಚರ್ಮದಲ್ಲಿ ಅದು ಬರೀ ‘ಕಪ್ಪಾಗಿದೆ’ ಅಷ್ಟೇ. ತುರಿಕೆಯೂ ಸೇರಿದರೆ ಹುಳುಕಡ್ಡಿ ಅಂದುಕೊಂಡು ಮೆಡಿಕಲ್ ಶಾಪ್‌ನ ಮುಲಾಮು ಹಚ್ಚುತ್ತಾ ಎಷ್ಟೋ ಜನ ವರ್ಷಗಳನ್ನೇ ಕಳೆಯುತ್ತಾರೆ. ಅದಕ್ಕೇ ಕಣ್ಣಿನ ಜೊತೆ ಕೈಯೂ ಬೇಕು. ಹರಡಿನ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿಯಲು ನೋಡಿ. ಹಿಡಿಗೆ ಸಿಗದೆ ಹಲಗೆಯಂತೆ ಗಟ್ಟಿಯಾಗಿದ್ದರೆ, ಕಾಲು ಮೀನಖಂಡದಲ್ಲಿ ದಪ್ಪ, ಹರಡಿನ ಹತ್ತಿರ ಕಿರಿದು ಆಗಿದ್ದರೆ, ಕ್ಯಾಂಪಿನ ಯಂತ್ರ ಏನು ಹೇಳಿದರೂ ಸರಿ, ಸರ್ಜನ್ ಹತ್ತಿರ ಹೋಗಬೇಕು. ಊತ ಇದೆಯೇ ನೋಡಲು ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಹತ್ತು ಸೆಕೆಂಡ್ ಒತ್ತಿ. ಗುಳಿ ಬಿದ್ದರೆ ನೀರು ತುಂಬಿದೆ ಅಂತ ಲೆಕ್ಕ.

ಕಣ್ಣಿನ ಮಿತಿಯೂ ಉಂಟು. ದಪ್ಪ ಕಾಲಿನಲ್ಲಿ ಉಬ್ಬಿದ ವೇನ್ ಒಳಗೇ ಅಡಗಿರುತ್ತದೆ. ಯಾವ ವಾಲ್ವ್ ಸೋರುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ.

ಹಳೆಯ ಪದ್ಧತಿಯಲ್ಲಿ ಕಾಲೆತ್ತಿ ರಕ್ತ ಖಾಲಿ ಮಾಡಿ, ತೊಡೆಗೆ ಪಟ್ಟಿ ಕಟ್ಟಿ, ಎದ್ದು ನಿಲ್ಲಿಸಿ, ವೇನ್ ಎಷ್ಟು ಬೇಗ ತುಂಬುತ್ತದೆ ಅಂತ ನೋಡುತ್ತಿದ್ದರು. ಟ್ರೆಂಡಲೆನ್‌ಬರ್ಗ್ ಪರೀಕ್ಷೆ ಅಂತ ಹೆಸರು. ಎಂಬಿಬಿಎಸ್ ಸರ್ಜರಿ ಪರೀಕ್ಷೆಯಲ್ಲಿ ಇದು ಇವತ್ತಿಗೂ ಬರುತ್ತದೆ. ಚಿಕಿತ್ಸೆ ನಿರ್ಧರಿಸಲು ಈಗ ಇದೊಂದನ್ನೇ ನಂಬುವುದಿಲ್ಲ.

ಪೆನ್ ಡಾಪ್ಲರ್

ಬಸುರಿಯರ ಹೊಟ್ಟೆಯಲ್ಲಿ ಮಗುವಿನ ಎದೆಬಡಿತ ಕೇಳಿಸುವ ಚಿಕ್ಕ ಯಂತ್ರ ನೋಡಿರುತ್ತೀರಿ. ಇದೂ ಅದೇ ಜಾತಿಯದು, ಕಾಲಿಗೆ ಸಾಮಾನ್ಯವಾಗಿ 8 ಮೆಗಾಹರ್ಟ್ಸ್‌ನ ಪೆನ್ ಬಳಸುತ್ತಾರೆ. ನಿಲ್ಲಿಸಿ, ತೊಡೆಸಂದಿನಲ್ಲಿ ಜೆಲ್ ಹಚ್ಚಿ ಪೆನ್ ಇಡುತ್ತಾರೆ. ಇನ್ನೊಂದು ಕೈಯಲ್ಲಿ ಮೀನಖಂಡ ಹಿಂಡುತ್ತಾರೆ. ರಕ್ತ ಮೇಲೆ ಹೋಗುವಾಗ ಒಂದು ಸದ್ದು. ಕೈ ಬಿಟ್ಟಾಗ ಸದ್ದು ನಿಲ್ಲಬೇಕು. ನಿಲ್ಲದೆ ಇನ್ನೊಂದು ಉದ್ದನೆಯ ಸದ್ದು ಬಂದರೆ ರಕ್ತ ಕೆಳಗೆ ಬೀಳುತ್ತಿದೆ.

ಎರಡು ನಿಮಿಷದ ಕೆಲಸ, ಖರ್ಚು ಕಡಿಮೆ, ಕ್ಯಾಂಪಿಗೆ ಹೇಳಿ ಮಾಡಿಸಿದ್ದು. ತೊಡೆಸಂದಿನಲ್ಲಿ ಇದರ ಮಾತು ಸಾಕಷ್ಟು ನಂಬಬಹುದು. ಮಂಡಿಯ ಹಿಂಭಾಗದಲ್ಲಿ ಮಾತ್ರ ಎಡವುತ್ತದೆ, ಯಾಕೆಂದರೆ ಅಲ್ಲಿ ಚರ್ಮದ ಹತ್ತಿರದ ಮೇಲಿನ ವೇನ್ ಮತ್ತು ಆಳದಲ್ಲಿರುವ ಒಳಗಿನ ದೊಡ್ಡ ವೇನ್ ಅಕ್ಕಪಕ್ಕದಲ್ಲೇ ಇವೆ. ಸದ್ದು ಬಂದದ್ದು ಯಾವುದರಿಂದ ಅಂತ ಪೆನ್ ಹೇಳಲಾರದು, ಚಿತ್ರ ಇಲ್ಲವಲ್ಲ. ಕೇಳುವವರ ಕಿವಿ ಪಳಗಿರಬೇಕು ಅನ್ನೋದೂ ಇದೆ. ಒಂದೇ ಕಾಲನ್ನು ಅನುಭವಿ ಸರ್ಜನ್ ಮತ್ತು ಮೊನ್ನೆ ತರಬೇತಿ ಪಡೆದ ಹುಡುಗ ನೋಡಿದರೆ ಒಂದೇ ಉತ್ತರ ಸಿಗುತ್ತದೆ ಅನ್ನುವ ಹಾಗಿಲ್ಲ.

ಬೆಳಕಿನ ಸೆನ್ಸರ್

ಇದರ ಹೆಸರು ಫೋಟೋಪ್ಲೆಥಿಸ್ಮೋಗ್ರಫಿ. ಉದ್ದ ಹೆಸರು, ಕ್ಯಾಂಪಿನವರು ಪಿಪಿಜಿ ಅನ್ನುತ್ತಾರೆ. ಹರಡಿನ ಒಳಬದಿಯಿಂದ ಸುಮಾರು 10 ಸೆಂ.ಮೀ. ಮೇಲೆ ಸೆನ್ಸರ್ ಅಂಟಿಸಿ, ಕುರ್ಚಿಯಲ್ಲಿ ಕೂರಿಸಿ, ಹಿಮ್ಮಡಿ ನೆಲಕ್ಕಿಟ್ಟು ಪಾದದ ಮುಂಭಾಗವನ್ನು ಎಂಟು ಹತ್ತು ಸಲ ಎತ್ತಿಸುತ್ತಾರೆ. ಅಷ್ಟು ಹೊತ್ತಿಗೆ ಚರ್ಮದ ನಾಳಗಳು ಖಾಲಿಯಾಗುತ್ತವೆ. ಆಮೇಲೆ ಅಲ್ಲಾಡದೆ ಕೂತರೆ ರಕ್ತ ಮತ್ತೆ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಯಂತ್ರ ಎಣಿಸುತ್ತದೆ. 25 ಸೆಕೆಂಡಿಗಿಂತ ಜಾಸ್ತಿ ಆದರೆ ಸರಿ ಇದೆ. 20ರಿಂದ 25 ಆದರೆ ಗ್ರೇಡ್ 1, 10ರಿಂದ 20 ಆದರೆ ಗ್ರೇಡ್ 2, 10ಕ್ಕಿಂತ ಕಡಿಮೆ ಆದರೆ ಗ್ರೇಡ್ 3. ಚೀಟಿಯಲ್ಲಿ ಬರೆದುಕೊಡುವ ಗ್ರೇಡ್ ಇದು. ಮೇಲೆ ಹೇಳಿದ ಸಿ2, ಸಿ3 ಬೇರೆ, ಇದು ಬೇರೆ. ಎರಡನ್ನೂ ಕಲಸಿಕೊಂಡು ಗಾಬರಿಯಾಗುವವರು ಬಹಳ.

ಈ ಪರೀಕ್ಷೆಯ ಒಳ್ಳೆಯ ಗುಣ ಅಂದರೆ ಸಂಖ್ಯೆ ಕೊಡುತ್ತದೆ, ಮಾಡುವವರ ಕೈಚಳಕದ ಮೇಲೆ ಅಷ್ಟಾಗಿ ನಿಂತಿಲ್ಲ. ಉತ್ತರ 25 ದಾಟಿದರೆ ದೊಡ್ಡ ಸೋರಿಕೆ ಇಲ್ಲ ಅಂತ ಬಹುಮಟ್ಟಿಗೆ ನೆಮ್ಮದಿಯಾಗಿರಬಹುದು. ತೊಂದರೆ ಇರುವುದು ಇನ್ನೊಂದು ಬದಿಯಲ್ಲಿ. ಕೀಲು ಬಿಗಿದುಕೊಂಡ ಅಜ್ಜಿ ಪಾದ ಸರಿಯಾಗಿ ಎತ್ತಲಾರರು. ಆಗ ನಾಳ ಖಾಲಿಯೇ ಆಗುವುದಿಲ್ಲ, ಬೇಗ ತುಂಬಿತು ಅಂತ ಯಂತ್ರ ಹೇಳಿಬಿಡುತ್ತದೆ. ಡಿಸೆಂಬರಿನ ಬೆಳಿಗ್ಗೆ ಏಳಕ್ಕೆ ತಣ್ಣಗಿರುವ ಪಾರ್ಕಿನಲ್ಲಿ ಚರ್ಮ ಮುದುಡಿರುತ್ತದೆ, ಆಗಲೂ ಲೆಕ್ಕ ತಪ್ಪುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ: ಸೋರಿಕೆ ಇದೆ ಅನ್ನುತ್ತದೆ, ಎಲ್ಲಿ ಅನ್ನುವುದಿಲ್ಲ. ಮಂಡಿಯ ಮೇಲೆ ಪಟ್ಟಿ ಬಿಗಿದು ಮತ್ತೊಮ್ಮೆ ಮಾಡಿ, ಆಗ ಸಮಯ ಸರಿಹೋದರೆ ದೋಷ ಮೇಲಿನ ವೇನ್‌ನದು, ಇಲ್ಲದಿದ್ದರೆ ಒಳಗಿನದು ಅಂತ ಊಹಿಸಬಹುದು. ಕ್ಯಾಂಪಿನ ಸಾಲಿನಲ್ಲಿ ಆ ಎರಡನೇ ಸುತ್ತಿಗೆ ಪುರುಸೊತ್ತು ಯಾರಿಗಿರುತ್ತದೆ?

ಇದೇ ಕುಟುಂಬದ ಇನ್ನೊಂದು ಯಂತ್ರವಿದೆ. ಕಾಲಿಗೆ ಗಾಳಿಯ ಚೀಲ ತೊಡಿಸಿ, ನಿಂತಾಗ ಕಾಲು ಎಷ್ಟು ಬೇಗ ಹಿಗ್ಗುತ್ತದೆ ಅಂತ ಅಳೆಯುತ್ತದೆ. ಸೆಕೆಂಡಿಗೆ 2 ಮಿ.ಲೀ.ಗಿಂತ ಕಡಿಮೆ ತುಂಬಿದರೆ ಸರಿ. ಇಡೀ ಕಾಲಿನ ಲೆಕ್ಕ ಕೊಡುವ ಒಳ್ಳೆಯ ಪರೀಕ್ಷೆ, ಆದರೆ ಹೆಚ್ಚಾಗಿ ಸಂಶೋಧನೆಯ ಜಾಗಗಳಲ್ಲೇ ಇರುತ್ತದೆ. ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಡುಪ್ಲೆಕ್ಸ್ ಸ್ಕ್ಯಾನ್

ದುಡ್ಡು ಕೊಡಲೇಬೇಕು ಅಂದರೆ ಇದಕ್ಕೆ ಕೊಡಿ. ಇದೊಂದು ಅಲ್ಟ್ರಾಸೌಂಡ್ ಸ್ಕ್ಯಾನ್. ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ ‘ವೀನಸ್ ಡಾಪ್ಲರ್’ ಅಂತ ಬರೆಯುತ್ತಾರೆ. ನಾಳದ ಚಿತ್ರವೂ ಕಾಣುತ್ತದೆ, ಒಳಗೆ ರಕ್ತ ಹರಿಯುವ ದಿಕ್ಕೂ ಕಾಣುತ್ತದೆ. ಯಾವ ವಾಲ್ವ್, ಎಷ್ಟು ಉದ್ದ, ಎಷ್ಟು ದಪ್ಪ, ಒಳಗಿನ ದೊಡ್ಡ ವೇನ್‌ನಲ್ಲಿ ಹಳೆಯ ಹೆಪ್ಪು ಉಳಿದಿದೆಯೇ, ಎಲ್ಲ ಒಂದೇ ಪರೀಕ್ಷೆಯಲ್ಲಿ. ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿಯೂ ವೆರಿಕೋಸ್ ವೇನ್ಸ್ (ಉಬ್ಬಿದ ವೇನ್) ಖಚಿತಪಡಿಸಲು, ಚಿಕಿತ್ಸೆ ಯೋಜಿಸಲು ಡುಪ್ಲೆಕ್ಸನ್ನೇ ಹೇಳುತ್ತದೆ.

ಬೆಂಗಳೂರಿನಲ್ಲಿ ಈ ಸ್ಕ್ಯಾನ್ ಸಿಗದ ಬಡಾವಣೆ ಇಲ್ಲ. ತಪ್ಪುವುದು ಬೇರೆ ಕಡೆ. ‘ವೀನಸ್ ಡಾಪ್ಲರ್’ ಅನ್ನುವ ಒಂದೇ ಹೆಸರಿನಲ್ಲಿ ಎರಡು ಪರೀಕ್ಷೆ ನಡೆಯುತ್ತವೆ. ಒಂದು ಹೆಪ್ಪು ಹುಡುಕುವುದು. ಅದಕ್ಕೆ ಮಲಗಿಸಿ, ಪ್ರೋಬ್‌ನಿಂದ ವೇನ್ ಮೇಲೆ ಒತ್ತುತ್ತಾರೆ. ಒತ್ತಿದರೆ ವೇನ್ ಮುಚ್ಚಿಕೊಂಡರೆ ಒಳಗೆ ಹೆಪ್ಪಿಲ್ಲ. ಇನ್ನೊಂದು ಸೋರಿಕೆ ಹುಡುಕುವುದು. ಅದಕ್ಕೆ ನಿಲ್ಲಿಸಬೇಕು, ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ ಬಿಡಿಸಬೇಕು, ಮೀನಖಂಡ ಹಿಂಡಿ ಬಿಟ್ಟು, ರಕ್ತ ಎಷ್ಟು ಹೊತ್ತು ಹಿಂದಕ್ಕೆ ಹರಿಯಿತು ಅಂತ ಅಳೆಯಬೇಕು. ಎರಡೂ ಕಾಲಿಗೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ.

ಡಾಕ್ಟರ್ ಚೀಟಿಯಲ್ಲಿ ಬರೀ ‘ವೀನಸ್ ಡಾಪ್ಲರ್’ ಅಂತಿದ್ದು, ಹೊರಗೆ ಹತ್ತು ಜನ ಕಾಯುತ್ತಿದ್ದರೆ ಏನಾಗುತ್ತದೆ? ಮಲಗಿಸಿ ಹತ್ತು ನಿಮಿಷದಲ್ಲಿ ಹೆಪ್ಪಿನ ಪರೀಕ್ಷೆ ಮುಗಿಸಿ, ‘ಡಿವಿಟಿ (ಒಳಗಿನ ವೇನ್‌ನಲ್ಲಿ ಹೆಪ್ಪು) ಇಲ್ಲ, ನಾರ್ಮಲ್’ ಅಂತ ವರದಿ. ನಾಲ್ಕು ವರ್ಷದಿಂದ ಕಾಲು ಭಾರ ಅನ್ನುತ್ತಿದ್ದವರು ಅದನ್ನು ಫೈಲಿನಲ್ಲಿಟ್ಟುಕೊಂಡು ‘ನನ್ನ ವೇನ್ಸ್ ಚೆನ್ನಾಗಿವೆ’ ಅಂತ ಮನೆಗೆ ಹೋಗುತ್ತಾರೆ. ವರದಿಯಲ್ಲಿ ಸುಳ್ಳೇನಿಲ್ಲ, ಇವರು ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ ಅಷ್ಟೇ.

ಆದ್ದರಿಂದ ಅಪಾಯಿಂಟ್‌ಮೆಂಟಿಗೆ ಫೋನ್ ಮಾಡುವಾಗಲೇ ಕೇಳಿ: ‘ರಿಫ್ಲಕ್ಸ್ ಸ್ಟಡಿ ಮಾಡ್ತೀರಾ? ನಿಲ್ಲಿಸಿ ಮಾಡ್ತೀರಾ?’ (ರಿಫ್ಲಕ್ಸ್ ಅಂದರೆ ಸೋರಿಕೆ.) ರಿಸೆಪ್ಷನ್‌ನಲ್ಲಿ ಗೊತ್ತಿಲ್ಲ ಅಂದರೆ ಸ್ಕ್ಯಾನ್ ಮಾಡುವವರನ್ನೇ ಕೇಳಿ ಹೇಳಲು ಕೋರಿ. ಎರಡೂ ಕಾಲಿಗೋ ಒಂದಕ್ಕೋ ಅನ್ನೋದರ ಮೇಲೆ ದರ ಬದಲಾಗುತ್ತದೆ, ಅದನ್ನೂ ಆಗಲೇ ಕೇಳಿಬಿಡಿ. ನಿಲ್ಲಲು ಆಗದ ವಯಸ್ಸಾದವರಿಗೆ ಮಂಚದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ಇಲ್ಲವೇ ಮೇಜನ್ನು ಚೆನ್ನಾಗಿ ಓರೆ ಮಾಡಿ ನೋಡಬಹುದು. ಪೂರ್ತಿ ಮಲಗಿಸಿ ಮಾಡುವುದಕ್ಕಿಂತ ಅದು ಎಷ್ಟೋ ವಾಸಿ.

ಖಾಲಿ ಹೊಟ್ಟೆ ಬೇಕಾಗಿಲ್ಲ. ಹೊಟ್ಟೆಯೊಳಗಿನ ವೇನ್ ಕೂಡ ನೋಡಬೇಕು ಅಂತ ಡಾಕ್ಟರ್ ಬರೆದಿದ್ದರೆ ಮಾತ್ರ ಬೇರೆ. ಬೆಳಿಗ್ಗೆಗಿಂತ ಮಧ್ಯಾಹ್ನದ ಮೇಲೆ ಹೋಗುವುದು ಒಳ್ಳೆಯದು, ದಿನವಿಡೀ ನಿಂತ ಕಾಲು ನಿಜ ಹೇಳುತ್ತದೆ. ಒತ್ತುವ ಸಾಕ್ಸ್ ಹಾಕುವವರು ಅವತ್ತು ಹಾಕಬೇಡಿ. ತೊಡೆಸಂದಿನವರೆಗೆ ನೋಡಬೇಕಾಗುತ್ತದೆ, ಅದಕ್ಕೆ ತಕ್ಕ ಸಡಿಲ ಬಟ್ಟೆ ಇರಲಿ. ಹೆಂಗಸರು ಮಹಿಳಾ ಸಿಬ್ಬಂದಿ ಬೇಕು ಅಂತ ಮೊದಲೇ ಹೇಳುವುದರಲ್ಲಿ ಸಂಕೋಚವೇನೂ ಬೇಡ.

ವರದಿ ಕೈಗೆ ಬಂದಾಗ ಅದರಲ್ಲಿ ಸೆಕೆಂಡುಗಳಿವೆಯೇ ನೋಡಿ. ಮೇಲಿನ ವೇನ್‌ಗಳಲ್ಲಿ ರಕ್ತ 0.5 ಸೆಕೆಂಡಿಗಿಂತ ಜಾಸ್ತಿ ಹಿಂದೆ ಹರಿದರೆ ಸೋರಿಕೆ ಅಂತ ಲೆಕ್ಕ. ತೊಡೆಯ ಮತ್ತು ಮಂಡಿ ಹಿಂದಿನ ದೊಡ್ಡ ಒಳವೇನ್‌ಗಳಲ್ಲಿ 1 ಸೆಕೆಂಡ್. ವೇನ್‌ನ ದಪ್ಪ ಮಿ.ಮೀ.ನಲ್ಲಿ, ಒಳವೇನ್ ತೆರೆದಿದೆ ಅನ್ನುವ ಸಾಲು, ನಿಲ್ಲಿಸಿ ಮಾಡಿದ್ದು ಅನ್ನುವ ಸಾಲು, ಇಷ್ಟಿದ್ದರೆ ಒಳ್ಳೆಯ ವರದಿ. ಬರೀ ‘ಇನ್‌ಕಾಂಪಿಟೆಂಟ್’ (ವಾಲ್ವ್ ಸೋರುತ್ತಿದೆ) ಅಂತ ಒಂದು ಪದ ಬರೆದು ಕಳಿಸಿದರೆ ಅದರ ಮೇಲೆ ಯಾವ ಸರ್ಜನ್ನೂ ಲೇಸರ್‌ನಿಂದ ವೇನ್ ಮುಚ್ಚುವ ಚಿಕಿತ್ಸೆ ಮಾಡಲು ಒಪ್ಪಬಾರದು.

ಹಾಗಾದರೆ ಇದನ್ನೇ ಕ್ಯಾಂಪಿಗೆ ತರಬಾರದೇಕೆ ಅನ್ನಿಸಬಹುದು. ಕಾರಣ ಕಾಲಿಗೆ ಸಂಬಂಧಿಸಿದ್ದೇ ಅಲ್ಲ. ಅಲ್ಟ್ರಾಸೌಂಡ್ ಯಂತ್ರಗಳೆಲ್ಲ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಣಿಯಾಗಬೇಕು, ನೋಂದಾಯಿತ ಜಾಗದಿಂದ ಹೊರಗೆ ಒಯ್ಯಲು ಕಟ್ಟುನಿಟ್ಟಿನ ನಿಯಮವಿದೆ. ಕಾಲು ತೋರಿಸಲು ಹೋದ ಅರವತ್ತರ ಅಜ್ಜನ ಎದುರಿಗೂ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎನ್ನುವ ಫಲಕ ಇರುವುದು ಅದಕ್ಕೇ. ಹೀಗಾಗಿ ಶಾಮಿಯಾನದಲ್ಲಿ ಪೆನ್ನು ಮತ್ತು ಸೆನ್ಸರ್ ಮಾತ್ರ ಸಿಗುತ್ತವೆ.

ಬೆಳಕು ಬಿಟ್ಟು ಗೆರೆ ತೋರಿಸುವ ಯಂತ್ರ

ನೋಡಲು ಚೆಂದ. ಸಿರಿಂಜ್ ಚುಚ್ಚಲು ನಾಳ ಸಿಗದ ಮಕ್ಕಳಿಗೆ ಬಹಳ ಉಪಯೋಗ. ಸಣ್ಣ ಗೆರೆಗಳಿಗೆ ಇಂಜೆಕ್ಷನ್ ಕೊಡುವ ಡಾಕ್ಟರಿಗೂ ದಾರಿ ತೋರಿಸುತ್ತದೆ. ತಪಾಸಣೆಗೆ ಮಾತ್ರ ಬೇಡ. ಚರ್ಮದ ಕೆಳಗೆ 1 ಸೆಂ.ಮೀ. ಒಳಗಿನ ನಾಳ ಕಾಣುತ್ತದೆ, ರಕ್ತ ಯಾವ ಕಡೆ ಹರಿಯುತ್ತಿದೆ ಅಂತ ತಿಳಿಯುವುದಿಲ್ಲ. ಎಂಥ ಆರೋಗ್ಯವಂತರ ಕಾಲಿಗೆ ಬಿಟ್ಟರೂ ಬಲೆಯಂತೆ ಗೆರೆಗಳು ಕಾಣುತ್ತವೆ, ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ಬಣ್ಣಬಣ್ಣದ ಶಾಖಚಿತ್ರದ ಕ್ಯಾಮೆರಾಕ್ಕೂ ಇದೇ ಮಾತು.

ಇನ್ನೊಂದು ಗೊಂದಲ. ಅದೇ ಶಾಮಿಯಾನದಲ್ಲಿ ಪಾದಕ್ಕೆ ಕಂಪಿಸುವ ಕಡ್ಡಿ ಮುಟ್ಟಿಸಿ ‘ಗೊತ್ತಾಗ್ತಿದೆಯಾ’ ಅಂತ ಕೇಳುವ ಪರೀಕ್ಷೆಯೂ ಇರುತ್ತದೆ. ಅದು ಶುಗರ್ ಇರುವವರ ಪಾದದ ಸ್ಪರ್ಶಜ್ಞಾನ ನೋಡುವುದು. ಮಾಡಿಸಿಕೊಳ್ಳಿ, ಒಳ್ಳೆಯದೇ. ಉಬ್ಬಿದ ವೇನ್‌ಗೂ ಅದಕ್ಕೂ ಸಂಬಂಧವಿಲ್ಲ.

ಎಬಿಐ: ಸಾಕ್ಸ್ ಕೊಳ್ಳುವ ಮೊದಲು

ಎಬಿಐ ಅಂದರೆ ಆಂಕಲ್ ಬ್ರೇಕಿಯಲ್ ಇಂಡೆಕ್ಸ್. ಇದು ವೇನ್ ಪರೀಕ್ಷೆಯೇ ಅಲ್ಲ, ಆದರೂ ಈ ಪಟ್ಟಿಯಲ್ಲಿ ಇರಲೇಬೇಕು. ಮಲಗಿಸಿ ತೋಳಿನಲ್ಲೂ ಹರಡಿನಲ್ಲೂ ಬಿಪಿ ನೋಡಿ, ಹರಡಿನದನ್ನು ತೋಳಿನದರಿಂದ ಭಾಗಿಸುತ್ತಾರೆ. ಕಾಲಿಗೆ ರಕ್ತ ತರುವ ಅಪಧಮನಿ ಚೆನ್ನಾಗಿದೆಯೇ ಅಂತ ತಿಳಿಯಲು. 1ರ ಆಸುಪಾಸು ಇದ್ದರೆ ಸರಿ. 0.9 ಅಥವಾ ಕಡಿಮೆ ಇದ್ದರೆ ಅಪಧಮನಿ ಕಟ್ಟಿಕೊಂಡಿದೆ.

ಯಾಕೆ ಬೇಕು? ಕ್ಯಾಂಪ್ ಮುಗಿಯುವ ಹೊತ್ತಿಗೆ ಎಲ್ಲರಿಗೂ ಒತ್ತುವ ಸಾಕ್ಸ್ ಬರೆದುಕೊಡುವ ರೂಢಿ ಇದೆ. ಕ್ಲಾಸ್ 2 ಸಾಕ್ಸ್ ಹರಡಿನ ಹತ್ತಿರ 23ರಿಂದ 32 ಮಿ.ಮೀ. ಒತ್ತಡ ಹಾಕುತ್ತದೆ. ಮೊದಲೇ ರಕ್ತ ಕಡಿಮೆ ಬರುತ್ತಿರುವ ಕಾಲಿಗೆ ಅದನ್ನು ಬಿಗಿದರೆ ಬೆರಳು ಕಪ್ಪಾಗುವವರೆಗೂ ಹೋಗಬಹುದು. ಎಬಿಐ 0.5ಕ್ಕಿಂತ ಕೆಳಗಿದ್ದರೆ ಒತ್ತುವ ಸಾಕ್ಸ್ ಮುಟ್ಟುವಂತಿಲ್ಲ. 0.5ರಿಂದ 0.8ರ ನಡುವೆ ಇದ್ದರೆ ಸರ್ಜನ್ ಹೇಳಿದ ಕಡಿಮೆ ಒತ್ತಡದ್ದು ಮಾತ್ರ. ಬಹಳ ವರ್ಷದಿಂದ ಶುಗರ್ ಇರುವವರಲ್ಲಿ ಅಪಧಮನಿ ಗಟ್ಟಿಯಾಗಿ ಸಂಖ್ಯೆ 1.4ರ ಮೇಲೆ ಬರುತ್ತದೆ. ಅದನ್ನು ‘ತುಂಬಾ ಚೆನ್ನಾಗಿದೆ’ ಅಂತ ಓದಬಾರದು, ಆ ಸಂಖ್ಯೆ ನಂಬುವ ಹಾಗಿಲ್ಲ, ಕಾಲ್ಬೆರಳಿನ ಒತ್ತಡ ನೋಡಬೇಕು. ಶುಗರ್ ಇರುವವರು, ಬೀಡಿ ಸಿಗರೇಟ್ ಸೇದುವವರು, ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಂಡು ನಿಲ್ಲುವವರು ಎಬಿಐ ಇಲ್ಲದೆ ಸಾಕ್ಸ್ ಕೊಳ್ಳಬೇಡಿ.

ಹಾಗಾದರೆ ಯಾರಿಗೆ ಯಾವುದು

ಬರೀ ಸಣ್ಣ ನೀಲಿ ಗೆರೆಗಳು, ಬೇರೇನೂ ತೊಂದರೆ ಇಲ್ಲ: ಯಾವ ಪರೀಕ್ಷೆಯೂ ಬೇಡ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 18ರಿಂದ 64 ವಯಸ್ಸಿನ 1,566 ಜನರ ಕಾಲು ನೋಡಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 80ಕ್ಕೂ ಹೆಚ್ಚು ಜನರಿಗೆ ಇಂಥ ಗೆರೆಗಳಿದ್ದವು. ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಹೊಂದದಿರಬಹುದು, ಆದರೆ ಹುಡುಕಿದರೆ ಬಹುತೇಕ ಎಲ್ಲರಲ್ಲೂ ಏನಾದರೊಂದು ಸಿಗುತ್ತದೆ ಅನ್ನೋದಂತೂ ಸ್ಪಷ್ಟ. ತೊಂದರೆ ಇಲ್ಲದವರ ಕಾಲನ್ನು ಯಂತ್ರಕ್ಕೆ ಕೊಡುವುದರ ಅಪಾಯವೂ ಅದೇ. ಅದೇ ಅಧ್ಯಯನದಲ್ಲಿ ದೊಡ್ಡ ವೇನ್ ಉಬ್ಬಿದ್ದವರು ಗಂಡಸರಲ್ಲಿ ಶೇ. 40, ಹೆಂಗಸರಲ್ಲಿ ಶೇ. 32. ಇದು ಹೆಂಗಸರ ಕಾಯಿಲೆ ಅಂತ ಲುಂಗಿ ಕೆಳಗೆ ಮುಚ್ಚಿಟ್ಟುಕೊಳ್ಳುವ ಗಂಡಸರು ಗಮನಿಸಿ.

ದರ್ಶಿನಿಯಲ್ಲಿ ಬೆಳಿಗ್ಗೆ ಐದರಿಂದ ಕಾವಲಿ ಮುಂದೆ ನಿಲ್ಲುವ ದೋಸೆ ಭಟ್ಟರು, ಬೊಮ್ಮನಹಳ್ಳಿ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ನಿಂತು ಇಸ್ತ್ರಿ, ಚೆಕಿಂಗ್ ಮಾಡುವವರು, ಸಿಗ್ನಲ್‌ನ ಟ್ರಾಫಿಕ್ ಪೊಲೀಸರು: ಸಂಜೆಗೆ ಕಾಲು ಭಾರ, ರಾತ್ರಿ ಸೆಳೆತ, ಕಾಲೆತ್ತಿ ಇಟ್ಟರೆ ಹಾಯ್ ಅನ್ನಿಸುತ್ತದೆ, ಆದರೆ ಉಬ್ಬು ಕಾಣುವುದಿಲ್ಲ. ಇವರಿಗೆ ಕ್ಯಾಂಪ್ ನಿಜಕ್ಕೂ ಉಪಯೋಗ. ಕಣ್ಣು, ಕೈ, ಪೆನ್ ಡಾಪ್ಲರ್ ಸಾಕು. ಸೆನ್ಸರ್ ಇದ್ದರೆ ಅದೂ ಆಗಲಿ. 25 ಸೆಕೆಂಡ್ ದಾಟಿದರೆ ಕಾಲುನೋವಿಗೆ ಬೇರೆ ಕಾರಣ ಹುಡುಕಬೇಕು, ಮಂಡಿಯೋ ಸೊಂಟವೋ ಇರಬಹುದು. ಕೆಲಸಗಾರರಿಗೆ ಕ್ಯಾಂಪ್ ಏರ್ಪಡಿಸುವ ಫ್ಯಾಕ್ಟರಿಯವರು ನನ್ನನ್ನು ಕೇಳಿದರೆ, ಹೊಸ ಯಂತ್ರದ ಬದಲು ಪಳಗಿದ ಒಬ್ಬ ಸರ್ಜನ್ ಮತ್ತು ಒಂದು ಪೆನ್ ಕರೆಸಿ ಅನ್ನುತ್ತೇನೆ. ಬೆಳಿಗ್ಗೆ ಶಿಫ್ಟ್ ಶುರುವಾಗುವ ಮೊದಲು ಬೇಡ, ಮುಗಿಯುವ ಹೊತ್ತಿಗೆ ಕರೆಸಿ.

ಉಬ್ಬಿದ ವೇನ್ ಕಣ್ಣಿಗೆ ಕಾಣುತ್ತಿದೆ, ನೋವೋ ಊತವೋ ಇದೆ: ಸೆನ್ಸರ್ ಬಿಟ್ಟುಬಿಡಿ. ಇರುವುದನ್ನು ಇದೆ ಅಂತ ಹೇಳಿಸಿಕೊಳ್ಳಲು ಯಂತ್ರ ಬೇಕೇ? ಸರ್ಜನ್ ಕಂಡು ನೇರ ನಿಂತು ಮಾಡುವ ಡುಪ್ಲೆಕ್ಸ್.

ಹರಡಿನ ಹತ್ತಿರ ಕಪ್ಪು, ಗಟ್ಟಿ ಚರ್ಮ, ಹುಣ್ಣು: ಡುಪ್ಲೆಕ್ಸ್ ಜೊತೆ ಎಬಿಐ, ಎರಡೂ. ಇದರಲ್ಲಿ ತಡ ಮಾಡುವುದು ಬೇಡ.

ಎರಡೂ ಕಾಲು ಒಂದೇ ಸಮ ಊದಿದೆ: ವೇನ್ ಹಿಂದೆ ಹೋಗುವ ಮೊದಲು ಮಾತ್ರೆಗಳ ಪಟ್ಟಿ ತೆಗೆಯಿರಿ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಒಂದೇ ಸಾಕು ಹರಡು ಊದಿಸಲು. ಹಾಗಂತ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಹೃದಯ, ಕಿಡ್ನಿ, ಲಿವರ್, ಥೈರಾಯ್ಡ್ ಕೂಡ ನೋಡಿಸಬೇಕು. ಎಡಗಾಲು ಮಾತ್ರ ತೊಡೆಯವರೆಗೆ ಊದುತ್ತಿದ್ದು ಡುಪ್ಲೆಕ್ಸ್‌ನಲ್ಲಿ ಏನೂ ಸಿಗದಿದ್ದರೆ, ಹೊಟ್ಟೆಯ ಕೆಳಗೆ ಎಡ ವೇನ್ ಮೇಲೆ ಅಪಧಮನಿ ಒತ್ತುತ್ತಿರಬಹುದು. ಅದಕ್ಕೆ ಸಿಟಿ ಅಥವಾ ಎಂಆರ್ ವೀನೋಗ್ರಾಂ (ವೇನ್‌ಗಳ ಚಿತ್ರ) ಬೇಕಾಗಬಹುದು.

ಬಸುರಿಯರಿಗೆ ವೇನ್ ಉಬ್ಬುವುದು ಸಾಮಾನ್ಯ, ಹೆರಿಗೆಯಾದ ಮೇಲೆ ಎಷ್ಟೋ ಜನರಿಗೆ ತಾನಾಗಿ ಇಳಿಯುತ್ತದೆ. ಕೆಲವು ತಿಂಗಳು ಕಾದು ಆಮೇಲೆ ಸ್ಕ್ಯಾನ್ ಮಾಡಿಸುವುದು ಜಾಣತನ.

ಇದಕ್ಕೆಲ್ಲ ಹೊರತಾದದ್ದು ಒಂದಿದೆ. ಒಂದೇ ಕಾಲು ದಿಢೀರನೆ ಊದಿ, ಬಿಸಿಯಾಗಿ, ನೋಯುತ್ತಿದ್ದರೆ, ಅದರಲ್ಲೂ ಆಪರೇಷನ್, ಹೆರಿಗೆ, ಉದ್ದ ಪ್ರಯಾಣ ಅಥವಾ ಕ್ಯಾನ್ಸರ್ ಚಿಕಿತ್ಸೆಯ ನಂತರ ಆದರೆ, ಭಾನುವಾರದ ಕ್ಯಾಂಪಿಗೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಮಲಗಿಸಿ ಮಾಡುವ ಹೆಪ್ಪಿನ ಸ್ಕ್ಯಾನ್ ಬೇಕಾಗಿರುವುದು ಇಲ್ಲಿ. ಜೊತೆಗೆ ಉಸಿರಾಟ ಕಷ್ಟವಾದರೆ ಅದು ತುರ್ತು, 108ಕ್ಕೆ ಫೋನ್ ಮಾಡಿ. ಉಬ್ಬಿದ ವೇನ್ ಒಡೆದು ರಕ್ತ ಹರಿದರೆ ನಿಲ್ಲಬೇಡಿ, ಮಲಗಿ ಕಾಲೆತ್ತಿ, ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆಮೇಲೆ ಆಸ್ಪತ್ರೆ.

ಎಲ್ಲಿಂದ ಶುರು ಮಾಡುವುದು

ದುಡ್ಡಿನ ಚಿಂತೆ ಇದ್ದರೆ ಬಡಾವಣೆಯ ಸರ್ಕಾರಿ ‘ನಮ್ಮ ಕ್ಲಿನಿಕ್’‌ನಲ್ಲಿ ಕಾಲು ತೋರಿಸಿ. ಸ್ಕ್ಯಾನ್ ಅಲ್ಲಿಲ್ಲ, ಆದರೆ ಬಿಪಿ, ಶುಗರ್ ನೋಡಿ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರೆ. ವಿಕ್ಟೋರಿಯಾ, ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್‌ಗಳಲ್ಲಿ ಸರ್ಜರಿ ಹೊರರೋಗಿ ವಿಭಾಗಕ್ಕೆ ಹೋಗಬೇಕು. ಚರ್ಮದ ವಿಭಾಗದ ಸಾಲಿನಲ್ಲಿ ನಿಂತರೆ ಅರ್ಧ ದಿನ ಹೋಗುತ್ತದೆ. ಬೆಳಿಗ್ಗೆ ಬೇಗ ಹೋಗಿ, ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ.

ಖಾಸಗಿಗೆ ಹೋಗುವವರು ಒಂದು ವಿಷಯ ಗಮನಿಸಿ. ಉಚಿತ ತಪಾಸಣೆ ಮಾಡಿದವರೇ ‘ಇವತ್ತೇ ಬುಕ್ ಮಾಡಿದರೆ ಲೇಸರ್‌ಗೆ ರಿಯಾಯಿತಿ’ ಅಂದರೆ ಚೀಟಿ ಇಟ್ಟುಕೊಂಡು ಮನೆಗೆ ಬನ್ನಿ. ಸಿ2, ಸಿ3 ಕಾಲು ವಾರದಲ್ಲಿ ಕೆಡುವುದಿಲ್ಲ. ಸ್ಕ್ಯಾನನ್ನು ಬೇರೆ ಸೆಂಟರ್‌ನಲ್ಲಿ ಮಾಡಿಸಿ, ಚಿತ್ರಗಳ ಸಮೇತ ವರದಿ ಪಡೆದು ಇನ್ನೊಬ್ಬ ವ್ಯಾಸ್ಕ್ಯುಲರ್ (ರಕ್ತನಾಳದ) ಸರ್ಜನ್‌ಗೆ ತೋರಿಸಬಹುದು. ಆಪರೇಷನ್ ದಿನ ಸರ್ಜನ್ ತಾವೇ ಮತ್ತೆ ಸ್ಕ್ಯಾನ್ ಹಿಡಿದು ವೇನ್ ಗುರುತು ಹಾಕಿಕೊಳ್ಳುತ್ತಾರೆ. ಅದನ್ನು ಎರಡನೇ ಸಲ ದುಡ್ಡು ಕೀಳುವುದು ಅಂತ ತಿಳಿಯಬೇಡಿ, ಹಾಗೆ ಮಾಡುವುದೇ ಸರಿ. ಅದರ ಖರ್ಚು ಪ್ಯಾಕೇಜಿನೊಳಗೆ ಸೇರಿದೆಯೇ ಅಂತ ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ.